ದುಡ್ಡು ಕಂಪನಿಯದು, ಕೀಲಿ ಯಾರ ಕೈಯಲ್ಲಿ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಮತ್ತೆ ಮತ್ತೆ ಬಂದಿದೆ. ನಾಲ್ಕಾರು ಮಂದಿ ಬಿಡುವಿನಲ್ಲಿ ಕಟ್ಟಿದ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ ಬಳಸಬಹುದಾದ) ತಂತ್ರಾಂಶಕ್ಕೆ ಕಂಪನಿಯೊಂದು ಹಣ ಕೊಡಲು ಬಂದರೆ ಹೇಗೆ ಪಡೆಯಬೇಕು, ಆ ಹಣ ನಿಂತ ದಿನ ಏನು ಮಾಡಬೇಕು ಎಂಬುದು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಅಡತ್ ಅಂಗಡಿಯಲ್ಲಿ ರೈತರಿಗೆ ಕೊಡುವ ಭತ್ತದ ಪಟ್ಟಿಯನ್ನು ಕನ್ನಡದಲ್ಲೇ ಮುದ್ರಿಸುವ ಮೊಬೈಲ್ ಆ್ಯಪ್ ಒಂದನ್ನು ನಾವು ಮೂವರು ಗೆಳೆಯರು ಮಾಡಿದ್ದೇವೆ. 75 ಕೆ.ಜಿ. ಚೀಲದ ಲೆಕ್ಕ, ಹಮಾಲಿ, ಮುಂಗಡ ಎಲ್ಲವನ್ನೂ ಅದೇ ಕೂಡಿ ಕಳೆಯುತ್ತದೆ. ಕೋಡ್ ಪೂರ್ತಿ ಮುಕ್ತ. ಈಗ ಬೆಂಗಳೂರಿನ ಕಂಪನಿಯೊಂದು ವರ್ಷಕ್ಕೆ 3 ಲಕ್ಷ ರೂಪಾಯಿ ಕೊಡುತ್ತೇವೆ ಎಂದಿದೆ. ಪ್ರತಿಯಾಗಿ ಆ್ಯಪ್‌ನ ಮೊದಲ ಪುಟದಲ್ಲೂ ಪಟ್ಟಿಯ ಮೇಲೂ ಅವರ ಲೋಗೊ, ಮೂರು ತಿಂಗಳಿಗೆ ನಾಲ್ಕು ಹೊಸ ಸೌಲಭ್ಯ, ಜೊತೆಗೆ ‘ಬಳಕೆಯ ಅಂಕಿಅಂಶ’ ಕೇಳಿದ್ದಾರೆ. ಒಪ್ಪಬಹುದೇ?
(ಓದುಗರು, ಸಿಂಧನೂರು)

ಉತ್ತರ: ಹಣ ಪಡೆಯಿರಿ. ಷರತ್ತುಗಳನ್ನು ಮಾತ್ರ ಹಾಗೇ ಒಪ್ಪಬೇಡಿ.

ಮೊದಲು 3 ಲಕ್ಷಕ್ಕೆ ಎಷ್ಟು ಕೆಲಸ ಬರುತ್ತದೆ ಎಂದು ಲೆಕ್ಕ ಹಾಕಿ. ಐದನೇ ಒಂದು ಭಾಗ, ಅಂದರೆ 60,000 ರೂಪಾಯಿಯನ್ನು ಮುಟ್ಟದೆ ಎತ್ತಿಡಿ; ಪ್ರಾಯೋಜಕರು ಕೈಬಿಟ್ಟ ಮೇಲಿನ ತಿಂಗಳುಗಳಿಗೆ ಅದು ಬೇಕು. ಡೊಮೈನ್, ಸರ್ವರ್‌ಗೆ 12,000, ಪರೀಕ್ಷೆಗೆ ಎರಡು ಹಳೆಯ ಫೋನು ಮತ್ತು ಎರಡು ಮೂರು ಬಗೆಯ ಬ್ಲೂಟೂತ್ ಪ್ರಿಂಟರಿಗೆ 25,000, ಲೆಕ್ಕಪತ್ರ ಮತ್ತು ರಿಟರ್ನ್ಸ್ ಸಲ್ಲಿಸಲು 15,000 ಎಂದಿಟ್ಟುಕೊಳ್ಳೋಣ. ಉಳಿಯುವುದು 1,88,000. ಗಂಟೆಗೆ 500 ರೂಪಾಯಿ ಹಿಡಿದರೆ 376 ಗಂಟೆ, ತಿಂಗಳಿಗೆ ಸುಮಾರು 31 ಗಂಟೆ. ಮೂವರಿಗೂ ಹಂಚಿದರೆ ತಲಾ 10 ಗಂಟೆ.

ಆ 31 ಗಂಟೆಯಲ್ಲಿ 20 ಗಂಟೆ ಇದ್ದದ್ದನ್ನು ಇದ್ದಂತೆ ನಡೆಸುವುದಕ್ಕೇ ಹೋಗುತ್ತದೆ. ಕಂಪನಿಯವರಿಗೆ ಇದು ಕಾಣುವುದಿಲ್ಲ, ನೀವೇ ತೋರಿಸಬೇಕು. ಒಂದು ಉದಾಹರಣೆ ಸಾಕು. ಅಂಗಡಿಯ ಸಣ್ಣ ಥರ್ಮಲ್ ಪ್ರಿಂಟರಿನಲ್ಲಿ 58 ಮಿ.ಮೀ. ಕಾಗದ ಓಡುತ್ತದೆ, ಅಡ್ಡಕ್ಕೆ 384 ಚುಕ್ಕೆ ಮುದ್ರಿಸುತ್ತದೆ. ಅಂಥ ಪ್ರಿಂಟರಿನೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರವೇ ಇರುವುದಿಲ್ಲ. ಆದ್ದರಿಂದ ಪ್ರತಿ ಸಾಲನ್ನೂ ಫೋನಿನಲ್ಲೇ ಚಿತ್ರವಾಗಿ ಬಿಡಿಸಿ 384 ಚುಕ್ಕೆಗೆ ಹೊಂದಿಸಿ ಕಳಿಸಬೇಕು. ಸಾಲಿನ ಎತ್ತರ ಸ್ವಲ್ಪ ಕಡಿಮೆ ಇಟ್ಟರೂ ‘ಸ್ತ್ರೀಶಕ್ತಿ ಸಂಘ’ ಎಂಬಲ್ಲಿ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಇದನ್ನು ಸರಿಮಾಡಿ ಕೂತಿರುತ್ತೀರಿ. ಅಷ್ಟರಲ್ಲಿ ಪ್ಲೇ ಸ್ಟೋರ್‌ನ ವಾರ್ಷಿಕ ಗಡುವು ಬರುತ್ತದೆ. ಪ್ರತಿ ವರ್ಷ ಆಗಸ್ಟ್ 31ರ ಹೊತ್ತಿಗೆ ಆ್ಯಪ್ ಹೊಸ ಆಂಡ್ರಾಯ್ಡ್ ಮಟ್ಟಕ್ಕೆ ಏರಿರಬೇಕು. ಏರಿಸದಿದ್ದರೆ ಹೊಸ ಆವೃತ್ತಿ ಹಾಕಲು ಬಿಡುವುದಿಲ್ಲ. ಇನ್ನೂ ಹಳತಾದರೆ ಹೊಸ ಫೋನಿನಲ್ಲಿ ಹುಡುಕಿದರೂ ಆ್ಯಪ್ ಸಿಗುವುದಿಲ್ಲ. ಏರಿಸಿದಿರೋ, ನಿಯಮವೂ ಬದಲಾಗುತ್ತದೆ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಸಾಧನಕ್ಕೆ ಜೋಡಿಸಲು ಬಳಕೆದಾರರ ಪ್ರತ್ಯೇಕ ಅನುಮತಿ ಕೇಳಬೇಕಾಯಿತು. ಕೇಳದ ಆ್ಯಪ್ ಬೇರೆಲ್ಲ ಕೆಲಸ ಮಾಡಿ, ಪಟ್ಟಿ ಮುದ್ರಿಸುವ ಗುಂಡಿ ಒತ್ತಿದೊಡನೆ ನಿಂತುಬಿಡುತ್ತದೆ. ಹೊಸ ಸೌಲಭ್ಯ ಒಂದೂ ಸೇರದಿದ್ದರೂ ವರ್ಷವಿಡೀ ಕೆಲಸ ಇದ್ದೇ ಇರುತ್ತದೆ ಎಂಬುದು ಇದರಿಂದ ಅವರಿಗೆ ಅರ್ಥವಾಗುತ್ತದೆ.

ಹಾಗಾಗಿ ‘ಮೂರು ತಿಂಗಳಿಗೆ ನಾಲ್ಕು ಸೌಲಭ್ಯ’ ಎಂಬ ಸಾಲನ್ನು ತೆಗೆಸಿ, ‘ತಿಂಗಳಿಗೆ 20 ಗಂಟೆ ನಿರ್ವಹಣೆ, 10 ಗಂಟೆ ಹೊಸ ಕೆಲಸ, ಹೊಸ ಕೆಲಸದ ಸರದಿಯನ್ನು ನಿರ್ವಾಹಕರು ತೀರ್ಮಾನಿಸುತ್ತಾರೆ, ಪ್ರಾಯೋಜಕರ ಸಲಹೆಯನ್ನು ಎಲ್ಲರ ಸಲಹೆಯ ಜೊತೆ ಬಹಿರಂಗವಾಗಿ ಪರಿಗಣಿಸುತ್ತಾರೆ’ ಎಂದು ಬರೆಸಿ. ನವೆಂಬರ್–ಡಿಸೆಂಬರ್ ಮತ್ತು ಏಪ್ರಿಲ್–ಮೇ ತಿಂಗಳಲ್ಲಿ, ಭತ್ತ ಅಂಗಡಿಗೆ ಬರುವ ಹೊತ್ತಿನಲ್ಲಿ, ತುರ್ತು ದುರಸ್ತಿ ಬಿಟ್ಟು ಬೇರೆ ಆವೃತ್ತಿ ಬಿಡುಗಡೆ ಇಲ್ಲ ಎಂದೂ ಸೇರಿಸಿ. ಸುಗ್ಗಿಯಲ್ಲಿ ಕೆಟ್ಟ ಆವೃತ್ತಿಯೊಂದು ಹೋದರೆ ಅಂಗಡಿಯವರು ಮತ್ತೆ ಕಾರ್ಬನ್ ಹಾಳೆಯ ಪುಸ್ತಕಕ್ಕೆ ಮರಳುತ್ತಾರೆ, ಮುಂದಿನ ಸುಗ್ಗಿಗೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ.

ಆ್ಯಪ್‌ನ ‘ನಮ್ಮ ಬಗ್ಗೆ’ ಪುಟದಲ್ಲಿ, ಬೇಕಿದ್ದರೆ ಮೊದಲ ಪುಟದ ಅಡಿಯಲ್ಲಿ ಲೋಗೊ ಇರಲಿ. ಪಟ್ಟಿಯ ಮೇಲೆ ಬೇಡವೇ ಬೇಡ. ಪಟ್ಟಿ ರೈತನ ಕೈಯಲ್ಲಿರುವ ಲೆಕ್ಕದ ಕಾಗದ. ಅದರ ಮೇಲೆ ಗೊಬ್ಬರದ ಅಥವಾ ಸಾಲದ ಕಂಪನಿಯ ಗುರುತು ಕಂಡರೆ, ತೂಕ ಮತ್ತು ದರ ಬರೆದವರು ಯಾರು ಎಂಬ ಅನುಮಾನ ಏಳುತ್ತದೆ.

‘ಬಳಕೆಯ ಅಂಕಿಅಂಶ’ ಎಂದರೇನು ಎಂದು ಬರಹದಲ್ಲಿ ಕೇಳಿ. ಎಷ್ಟು ಫೋನಿನಲ್ಲಿ ಆ್ಯಪ್ ಇದೆ, ಯಾವ ಆವೃತ್ತಿ ಎಷ್ಟು ಜನರಲ್ಲಿದೆ ಎಂಬುದಾದರೆ ಪ್ಲೇ ಸ್ಟೋರ್ ಕೊಡುವ ಒಟ್ಟು ಸಂಖ್ಯೆಯನ್ನು ಕೊಡಬಹುದು. ಯಾವ ರೈತ ಎಷ್ಟು ಚೀಲ ಮಾರಿದ, ಅವನ ಫೋನ್ ನಂಬರ್ ಏನು ಎಂಬುದಾದರೆ ಅದು ನೀವು ಕೊಡಬಲ್ಲ ವಸ್ತುವೇ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಪ್ಪಿಗೆ ಸ್ಪಷ್ಟವಾಗಿರಬೇಕು, ಯಾವ ಉದ್ದೇಶಕ್ಕೆ ಎಂದು ಹೇಳಿರಬೇಕು. ಕೇಳಿದವರಿಗೆ ಕನ್ನಡದಲ್ಲಿ ಓದಲು ಸಿಗುವಂತಿರಬೇಕು. ಭದ್ರತೆಯ ಲೋಪಕ್ಕೆ ಗರಿಷ್ಠ ದಂಡ 250 ಕೋಟಿ ರೂಪಾಯಿ. ಮಾಹಿತಿ ಫೋನಿನಲ್ಲೇ ಉಳಿದು ನಿಮ್ಮ ಸರ್ವರಿಗೆ ಬರದಂತೆ ಆ್ಯಪ್ ಕಟ್ಟಿದ್ದರೆ ಈ ತಲೆನೋವೇ ಇಲ್ಲ. ಹಾಗೆ ಕಟ್ಟಿಲ್ಲದಿದ್ದರೆ ಪ್ರಾಯೋಜಕರ ಹಣದಲ್ಲಿ ಮಾಡಬೇಕಾದ ಮೊದಲ ಕೆಲಸ ಅದೇ.

ತೆರಿಗೆಯ ವಿಷಯ. ಹಣ ಮೂವರಲ್ಲಿ ಒಬ್ಬರ ಖಾತೆಗೆ ಬಂದರೆ ಪೂರ್ತಿ ಮೊತ್ತ ಅವರ ಆದಾಯವಾಗಿ ಕಾಣುತ್ತದೆ. ವೃತ್ತಿಪರ ಸೇವೆ ಎಂದು ಕಂಪನಿ ಶೇ 10 ಟಿಡಿಎಸ್ ಹಿಡಿದರೆ ಖಾತೆಗೆ ಬೀಳುವುದು 2,70,000. ಉಳಿದ 30,000 ರಿಟರ್ನ್ಸ್ ಸಲ್ಲಿಸಿದ ಮೇಲೆ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ವಾಪಸು ಬರುತ್ತದೆ. ಖರ್ಚಿನ ಅಂದಾಜು ಹಾಕುವಾಗ ಇದನ್ನು ಮರೆತು ಮಾರ್ಚ್‌ನಲ್ಲಿ ಕೈ ಖಾಲಿ ಮಾಡಿಕೊಳ್ಳುವವರು ಬಹಳ. ಇಬ್ಬರು ಗೆಳೆಯರಿಗೆ ಕೊಟ್ಟ ಹಣಕ್ಕೆ ಅವರಿಂದ ಬಿಲ್ ಪಡೆದು ಇಟ್ಟುಕೊಳ್ಳಿ, ಬ್ಯಾಂಕ್ ಮೂಲಕವೇ ಕೊಡಿ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಪ್ರಾಯೋಜಕತ್ವದ ಸೇವೆಯನ್ನು ನಿಮ್ಮಂಥ ವ್ಯಕ್ತಿಗಳಿಂದ ಪಡೆದ ಕಂಪನಿ ರಿವರ್ಸ್ ಚಾರ್ಜ್ ಕ್ರಮದಲ್ಲಿ ತಾನೇ ತೆರಿಗೆ ಕಟ್ಟುತ್ತದೆ. ಕರಾರಿನಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆಸಿದರೆ ಮುಂದೆ ‘ಶೇ 18 ನಿಮ್ಮ ಹಣದಲ್ಲೇ ಕಳೆಯುತ್ತೇವೆ’ ಎಂಬ ಮಾತು ಬರುವುದಿಲ್ಲ.

ಕರಾರು ಒಂದೇ ಹಾಳೆಯದ್ದಾದರೂ ಇರಲಿ. ಮೂರು ತಿಂಗಳ ಹಣ ಮುಂಗಡ. ಯಾರೇ ಬಿಡುವುದಾದರೂ 90 ದಿನ ಮೊದಲೇ ಲಿಖಿತ ತಿಳಿವಳಿಕೆ. ಕೋಡ್ ಇಂದಿನ ಲೈಸೆನ್ಸ್‌ನಲ್ಲೇ ಮುಂದುವರಿಯುತ್ತದೆ. ಆ್ಯಪ್‌ನ ಹೆಸರು, ಡೊಮೈನ್, ಪ್ಲೇ ಖಾತೆ ನಿರ್ವಾಹಕರದ್ದು. ಈ ನಾಲ್ಕು ಮಾತಿಗೆ ಸಹಿ ಹಾಕಲು ಹಿಂಜರಿಯುವ ಕಂಪನಿಯಿಂದ ಹಣ ಪಡೆಯದಿರುವುದೇ ಒಳ್ಳೆಯದು.

ಪ್ರಶ್ನೆ: ನಮ್ಮ ತಂತ್ರಾಂಶಕ್ಕೆ ಹಣ ಕೊಡುವ ಮೊದಲು, ಕೋಡ್ ಬರೆದ ಎಲ್ಲರೂ ‘ಸಿಎಲ್ಎ’ (ಕೋಡ್ ಕೊಡುವವರ ಪರವಾನಗಿ ಒಪ್ಪಂದ) ಎಂಬ ಕಾಗದಕ್ಕೆ ಸಹಿ ಹಾಕಿ ಹಕ್ಕುಗಳನ್ನು ಕಂಪನಿಗೆ ಕೊಡಬೇಕು ಎನ್ನುತ್ತಿದ್ದಾರೆ. ಇದು ಎಲ್ಲ ಕಡೆ ಇರುವ ಪದ್ಧತಿಯೇ?
(ಓದುಗರು, ಬಳ್ಳಾರಿ)

ಉತ್ತರ: ಹಲವೆಡೆ ಇದೆ, ಆದರೆ ಆ ಕಾಗದಗಳು ಒಂದೇ ಬಗೆಯವಲ್ಲ. ‘ನನ್ನ ಕೋಡನ್ನು ಈ ಯೋಜನೆ ಬಳಸಲು ಅನುಮತಿ ಕೊಟ್ಟಿದ್ದೇನೆ’ ಎಂಬುದು ಒಂದು ಬಗೆ. ‘ಹಕ್ಕುಸ್ವಾಮ್ಯವೇ ಕಂಪನಿಯದ್ದು’ ಅಥವಾ ‘ಕಂಪನಿ ಇದನ್ನು ಯಾವ ಲೈಸೆನ್ಸ್‌ನಲ್ಲಿ ಬೇಕಾದರೂ ಮತ್ತೆ ಹೊರಡಿಸಬಹುದು’ ಎಂಬುದು ಇನ್ನೊಂದು ಬಗೆ. ಎರಡನೆಯದಕ್ಕೆ ಸಹಿ ಹಾಕಿದರೆ ನಾಳೆ ಮುಂದಿನ ಆವೃತ್ತಿಗಳು ಮುಚ್ಚಿದ ತಂತ್ರಾಂಶವಾಗಬಹುದು. ಅದಕ್ಕೆ ನಿಮ್ಮನ್ನು ಕೇಳಬೇಕಾಗಿಲ್ಲ.

ದೊಡ್ಡ ಯೋಜನೆಗಳಲ್ಲೇ ಲೈಸೆನ್ಸ್ ಬದಲಾಗಿದೆ. 2021ರ ಜನವರಿಯಲ್ಲಿ ಇಲಾಸ್ಟಿಕ್‌ಸರ್ಚ್, 2023ರ ಆಗಸ್ಟ್‌ನಲ್ಲಿ ಟೆರಾಫಾರ್ಮ್, 2024ರ ಮಾರ್ಚ್‌ನಲ್ಲಿ ರೆಡಿಸ್ ತಮ್ಮ ಮುಕ್ತ ಲೈಸೆನ್ಸ್ ಬಿಟ್ಟು ನಿರ್ಬಂಧವಿರುವ ಲೈಸೆನ್ಸ್‌ಗೆ ಹೋದವು. ಮೂರಕ್ಕೂ ಹಳೆಯ ಮುಕ್ತ ಕೋಡಿನಿಂದಲೇ ಕವಲು ಹುಟ್ಟಿತು: ಓಪನ್‌ಸರ್ಚ್, ಓಪನ್‌ಟೋಫು, ವಾಲ್ಕಿ. ಇಲಾಸ್ಟಿಕ್‌ಸರ್ಚ್ 2024ರಲ್ಲೂ ರೆಡಿಸ್ 2025ರಲ್ಲೂ ಎಜಿಪಿಎಲ್ ಆಯ್ಕೆಯನ್ನು ಸೇರಿಸಿ ಮತ್ತೆ ಮುಕ್ತ ಲೈಸೆನ್ಸ್‌ಗೆ ಬಂದವು. ಆ ಕವಲುಗಳ ಹಿಂದೆ ದೊಡ್ಡ ಕಂಪನಿಗಳೂ ಎಂಜಿನಿಯರುಗಳೂ ಇದ್ದರು. ನಾಲ್ಕು ಜನರ ಯೋಜನೆಗೆ ಅಂಥ ಬೆಂಬಲ ಸಿಗುವುದಿಲ್ಲ. ಆದ್ದರಿಂದ ಸಹಿ ಹಾಕುವ ಮುಂಚೆಯೇ ಎಚ್ಚರ ಬೇಕು.

ನಿಮ್ಮ ಲೈಸೆನ್ಸ್ ಯಾವುದು ಎಂಬುದೂ ಮುಖ್ಯ. ಎಂಐಟಿ ಆಗಿದ್ದರೆ ಯಾವ ಕಾಗದವೂ ಇಲ್ಲದೆ ಯಾರು ಬೇಕಾದರೂ ನಿಮ್ಮ ಕೋಡನ್ನು ತಮ್ಮ ಮುಚ್ಚಿದ ತಂತ್ರಾಂಶದೊಳಗೆ ಸೇರಿಸಿಕೊಳ್ಳಬಹುದು. ಹಕ್ಕುಸ್ವಾಮ್ಯದ ಸೂಚನೆ ಮತ್ತು ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು. ಬದಲಿಸಿ ಹಂಚುವವರೂ ಕೋಡನ್ನು ಮುಕ್ತವಾಗಿಯೇ ಇಡಬೇಕು ಎನ್ನುವ ಜಿಪಿಎಲ್ ಅಥವಾ ಎಜಿಪಿಎಲ್ ಆಗಿದ್ದು, ಹಕ್ಕು ಬರೆದವರೆಲ್ಲರಲ್ಲಿ ಹಂಚಿಹೋಗಿದ್ದರೆ ಲೈಸೆನ್ಸ್ ಬದಲಿಸಲು ಅಷ್ಟೂ ಜನರ ಒಪ್ಪಿಗೆ ಬೇಕು. ಜಿಪಿಎಲ್ ಯೋಜನೆಗೆ ಕಂಪನಿ ಸಿಎಲ್ಎ ಕೇಳುತ್ತಿದೆ ಎಂದರೆ ಈ ಬೇಲಿಯನ್ನು ತೆಗೆಯಲು ಕೇಳುತ್ತಿದೆ ಎಂದೇ ಓದಿಕೊಳ್ಳಿ.

ಅವರಿಗೆ ನಿಜವಾಗಿ ಬೇಕಾದದ್ದು ಕೋಡ್ ಕದ್ದದ್ದಲ್ಲ ಎಂಬ ಭರವಸೆಯಾದರೆ ಅದಕ್ಕೆ ಡಿಸಿಒ (ಕೋಡಿನ ಮೂಲದ ಬಗ್ಗೆ ಬರೆದವರ ದೃಢೀಕರಣ) ಸಾಕು. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಇರುವ ಪದ್ಧತಿ ಇದು. ಕಮಿಟ್ ಮಾಡುವಾಗ, ಅಂದರೆ ಬದಲಾವಣೆಯನ್ನು ದಾಖಲಿಸುವಾಗ, ‘ಮೈನಸ್ ಎಸ್’ (-s) ಸೇರಿಸಿದರೆ ‘ಸೈನ್ಡ್ ಆಫ್ ಬೈ’ ಎಂದು ಬರೆದವರ ಹೆಸರು, ಇಮೇಲ್ ಇರುವ ಸಾಲು ತಾನಾಗಿ ಸೇರುತ್ತದೆ. ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಘೋಷಣೆ ಅದು. ಹಕ್ಕು ಎಲ್ಲಿಗೂ ಹೋಗುವುದಿಲ್ಲ. ಕೋಡ್ ಬರೆದವರಲ್ಲಿ ಬೇರೆಡೆ ನೌಕರಿಯಲ್ಲಿರುವವರಿದ್ದರೆ ಅವರ ನೇಮಕಾತಿ ಪತ್ರವನ್ನು ಒಮ್ಮೆ ಓದಿಸಿ. ಬಿಡುವಿನ ವೇಳೆಯಲ್ಲಿ ಬರೆದದ್ದೂ ಕಂಪನಿಯದ್ದೇ ಎನ್ನುವ ಕಲಮು ಎಷ್ಟೋ ಪತ್ರಗಳಲ್ಲಿ ಇರುತ್ತದೆ.

ಪ್ರಶ್ನೆ: ನಮ್ಮ ಸುತ್ತಮುತ್ತ ಉಕ್ಕಿನ ಕಾರ್ಖಾನೆಗಳು ಬಹಳ ಇವೆ. ಶಾಲೆಗಳಿಗೆ ಕೊಡುವಂತೆ ನಮ್ಮ ಮುಕ್ತ ಕಲಿಕಾ ತಂತ್ರಾಂಶಕ್ಕೂ ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಕೊಡಬಹುದೇ?
(ಶಿಕ್ಷಕರು, ಕೊಪ್ಪಳ)

ಉತ್ತರ: ಕೊಡಬಹುದು. ಆದರೆ ನಿಮ್ಮ ವೈಯಕ್ತಿಕ ಖಾತೆಗೆ ಬರುವುದಿಲ್ಲ, ಮುಂದಿನ ತಿಂಗಳೂ ಬರುವುದಿಲ್ಲ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ವರ್ಷ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಅದೇ ಕಲಮು ಹೇಳುತ್ತದೆ. ಗಿಣಿಗೇರಾ, ತೋರಣಗಲ್ಲು ಕಡೆಯವರು ಅರ್ಜಿಯಲ್ಲಿ ಇದನ್ನು ಎತ್ತಿ ಬರೆಯಬೇಕು.

ಹಣ ಪಡೆಯುವವರು ನೋಂದಾಯಿತ ಸಂಘ, ಸಾರ್ವಜನಿಕ ಟ್ರಸ್ಟ್ ಅಥವಾ ಲಾಭರಹಿತ ಕಂಪನಿಯಾಗಿರಬೇಕು. ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್ಆರ್–1 ನಮೂನೆ ಸಲ್ಲಿಸಿ ಪಡೆದ ಸಂಖ್ಯೆ, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವ ಬೇಕು. ಕರ್ನಾಟಕದಲ್ಲಿ ಸಂಘ ಕಟ್ಟಲು ಕನಿಷ್ಠ 7 ಸದಸ್ಯರು ಬೇಕು. ಇಂದು ಸಂಘ ಕಟ್ಟಿ ನಾಳೆ ಅರ್ಜಿ ಹಾಕಿದರೆ ಮೂರು ವರ್ಷದ ಷರತ್ತಿನಲ್ಲೇ ಬಿದ್ದುಹೋಗುತ್ತದೆ. ಸುಲಭದ ದಾರಿ ಎಂದರೆ ಈಗಾಗಲೇ ಶಿಕ್ಷಣದಲ್ಲಿ ಕೆಲಸ ಮಾಡುತ್ತಿರುವ, ಈ ಎಲ್ಲ ಕಾಗದ ಇರುವ ಸಂಸ್ಥೆಯೊಂದರ ಜೊತೆ ಸೇರಿ ಅದರ ಯೋಜನೆಯಾಗಿ ಕಳಿಸುವುದು. ಆಗಲೂ ಕೋಡಿನ ಲೈಸೆನ್ಸ್ ಮತ್ತು ಹೆಸರು ಯಾರದ್ದು ಎಂದು ಆ ಸಂಸ್ಥೆಯೊಂದಿಗೆ ಮೊದಲೇ ಬರೆದಿಟ್ಟುಕೊಳ್ಳಿ.

ಅರ್ಜಿ ಬೀಳುವ ಇನ್ನೊಂದು ಜಾಗ ಲೋಗೊ. ತನ್ನ ಉತ್ಪನ್ನಕ್ಕೆ ಪ್ರಚಾರ ಸಿಗಲೆಂದು ಮಾಡಿದ ಪ್ರಾಯೋಜಕತ್ವ ಸಿಎಸ್ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಕಂಪನಿಯ ಪ್ರಚಾರ ವಿಭಾಗ ಕೊಡುವ ಹಣವೇ ಬೇರೆ, ಸಿಎಸ್ಆರ್ ವಿಭಾಗ ಕೊಡುವ ಹಣವೇ ಬೇರೆ. ಎರಡನ್ನೂ ಒಂದೇ ಪತ್ರದಲ್ಲಿ ಕೇಳಬೇಡಿ. ದೇಣಿಗೆ ಕೊಟ್ಟವರ ಹೆಸರನ್ನು ಕೃತಜ್ಞತೆಗಷ್ಟೇ, ವ್ಯಾಪಾರದ ಪ್ರಚಾರವಿಲ್ಲದೆ ದತ್ತಿ ಸಂಸ್ಥೆಯಲ್ಲಿ ಹಾಕಿದರೆ ಜಿಎಸ್‌ಟಿ ಬೀಳುವುದಿಲ್ಲ ಎಂದು 2019ರ ಅಕ್ಟೋಬರ್ 11ರ ಸುತ್ತೋಲೆ ಇದೆ.

‘ಓಪನ್ ಸೋರ್ಸ್’ ಎಂಬ ಪದ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಇಲ್ಲ. ಶಿಕ್ಷಣಕ್ಕೆ ಉತ್ತೇಜನ, ಗ್ರಾಮೀಣಾಭಿವೃದ್ಧಿ ಎಂಬ ಬಾಬ್ತುಗಳಿವೆ. ಎಷ್ಟು ಶಾಲೆ, ಎಷ್ಟು ಮಕ್ಕಳು, ಯಾವ ತರಗತಿ ಎಂದು ಬರೆಯಿರಿ. ತಂತ್ರಾಂಶ ಸಾಧನವಾಗಿ ಬರಲಿ.

ಪ್ರಶ್ನೆ: ವಿದೇಶದ ಬಳಕೆದಾರರು ನಮ್ಮ ಕೋಡ್ ಇರುವ ಗಿಟ್‌ಹಬ್ ಜಾಲತಾಣದ ಮೂಲಕ ತಿಂಗಳಿಗೆ 5–10 ಡಾಲರ್ ಕೊಡುತ್ತಾರೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತೊಂದರೆ ಇದೆಯೇ?
(ಓದುಗರು, ಗಂಗಾವತಿ)

ಉತ್ತರ: ಸಂಘ ಅಥವಾ ಟ್ರಸ್ಟಿನ ಹೆಸರಲ್ಲಿ ವಿದೇಶಿ ದೇಣಿಗೆ ಪಡೆಯುವುದಾದರೆ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಆ ನೋಂದಣಿಗೆ ಮೂರು ವರ್ಷ ನಡೆದ ಸಂಸ್ಥೆಯಾಗಿರಬೇಕು, ಆ ಅವಧಿಯಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ಖರ್ಚಾಗಿರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಸಣ್ಣ ತಂಡಕ್ಕೆ ಇದು ಆಗದ ಮಾತು.

ಮಾಡಿದ ಕೆಲಸಕ್ಕೆ ಬಿಲ್ ಕೊಟ್ಟು, ವೃತ್ತಿಯ ಸಹಜ ಭಾಗವಾಗಿ ಪಡೆದ ಶುಲ್ಕ ವಿದೇಶಿ ದೇಣಿಗೆಯ ವ್ಯಾಖ್ಯೆಗೆ ಬರುವುದಿಲ್ಲ. ಹಾಗಾಗಿ ಬದಲಿಗೆ ಏನು ಕೊಡುತ್ತೀರಿ ಎಂದು ಪುಟದಲ್ಲಿ ಬರೆಯಿರಿ: ಪ್ರಶ್ನೆಗೆ ಉತ್ತರ, ತಿಂಗಳ ವರದಿ, ಮುಂಚಿತ ಆವೃತ್ತಿ. ಬ್ಯಾಂಕಿನಲ್ಲಿ ಹಣದ ಉದ್ದೇಶ ‘ದೇಣಿಗೆ’ ಎಂದು ನಮೂದಾಗದೆ ತಂತ್ರಾಂಶ ಸೇವೆ ಎಂದು ಆಗಿದೆಯೇ ನೋಡಿ, ಅದರ ದಾಖಲೆ ಪಡೆದಿಡಿ, ರಿಟರ್ನ್ಸ್‌ನಲ್ಲಿ ಆದಾಯವಾಗಿ ತೋರಿಸಿ. ಮೊತ್ತ ಬೆಳೆದರೆ ಲೆಕ್ಕಪರಿಶೋಧಕರಿಗೆ ಪುಟವನ್ನೇ ತೋರಿಸಿ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ: ಎರಡು ವರ್ಷ ಹಣ ಕೊಟ್ಟ ಕಂಪನಿಯಲ್ಲಿ ನಮ್ಮ ಪರವಾಗಿದ್ದ ಅಧಿಕಾರಿ ಕೆಲಸ ಬಿಟ್ಟರು. ಮುಂದಿನ ತಿಂಗಳಿಂದ ಪ್ರಾಯೋಜಕತ್ವ ಇಲ್ಲ ಎಂದು ಇಮೇಲ್ ಬಂದಿದೆ. ಸರ್ವರ್ ಕೂಡ ಅವರ ಖಾತೆಯಲ್ಲೇ ಇದೆ. ಮೊದಲು ಏನು ಮಾಡಬೇಕು?
(ಓದುಗರು, ರಾಯಚೂರು)

ಉತ್ತರ: ಹಣದ ಹುಡುಕಾಟ ಆಮೇಲೆ. ಈ ವಾರ ಕೀಲಿಗಳನ್ನು ಕೈಗೆ ತೆಗೆದುಕೊಳ್ಳಿ. ಕಂಪನಿಯವರು ಇನ್ನೂ ಫೋನ್ ಎತ್ತುತ್ತಿರುವಾಗಲೇ ಇದು ಮುಗಿಯಬೇಕು; ತಿಂಗಳು ಕಳೆದರೆ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ.

ಒಂದು ಹಾಳೆ ತೆಗೆದು ಬರೆಯಿರಿ: ಕೋಡ್ ಇರುವ ರೆಪೊಸಿಟರಿ, ಡೊಮೈನ್, ಸರ್ವರ್, ಪ್ಲೇ ಸ್ಟೋರ್ ಖಾತೆ, ಆ್ಯಪ್‌ಗೆ ಸಹಿ ಹಾಕುವ ಕೀಲಿಯ ಕಡತ, ಇವೆಲ್ಲಕ್ಕೂ ಒಟಿಪಿ ಹೋಗುವ ಇಮೇಲ್ ಮತ್ತು ಫೋನ್ ನಂಬರ್, ಹಣ ಕಟ್ಟುತ್ತಿರುವ ಕಾರ್ಡ್. ಪ್ರತಿಯೊಂದರ ಮುಂದೆ ಯಾರ ಹೆಸರಲ್ಲಿದೆ ಎಂದು ಬರೆಯಿರಿ. ಕೊನೆಯ ಎರಡನ್ನು ಬಹಳ ಮಂದಿ ಮರೆಯುತ್ತಾರೆ. ಡೊಮೈನ್ ನಿಮ್ಮ ಹೆಸರಲ್ಲೇ ಇದ್ದು, ನವೀಕರಣ ಕಂಪನಿಯ ಕಾರ್ಡಿನಿಂದ ಆಗುತ್ತಿದ್ದರೆ ಕಾರ್ಡ್ ರದ್ದಾದ ದಿನ ಯಾರಿಗೂ ಗೊತ್ತಾಗುವುದಿಲ್ಲ. ಎಚ್ಚರಿಕೆಯ ಇಮೇಲ್ ಹೋಗುವುದು ಕೆಲಸ ಬಿಟ್ಟವರ ಪೆಟ್ಟಿಗೆಗೆ.

ಇವುಗಳಲ್ಲಿ ಸಹಿಯ ಕೀಲಿಯೇ ಎಲ್ಲಕ್ಕಿಂತ ಮುಖ್ಯ. ಆಂಡ್ರಾಯ್ಡ್ ಫೋನು ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಕೂರಿಸಬೇಕಾದರೆ ಎರಡಕ್ಕೂ ಒಂದೇ ಕೀಲಿಯ ಸಹಿ ಇರಬೇಕು. ಪ್ಲೇ ಆ್ಯಪ್ ಸೈನಿಂಗ್ ಬಳಸುತ್ತಿದ್ದರೆ ಮೂಲ ಕೀಲಿ ಗೂಗಲ್ ಬಳಿ ಇರುತ್ತದೆ. ಗೂಗಲ್‌ಗೆ ಆವೃತ್ತಿ ಕಳಿಸಲು ನೀವು ಬಳಸುವ ಅಪ್‌ಲೋಡ್ ಕೀಲಿ ಕಳೆದರೂ ಖಾತೆಯ ಮಾಲೀಕರು ಕೇಳಿಕೊಂಡರೆ ಹೊಸದು ಸಿಗುತ್ತದೆ. ಅದನ್ನು ಬಳಸದ ಹಳೆಯ ಆ್ಯಪ್‌ನ ಕೀಲಿ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿದ್ದು ಅದು ಅಳಿಸಿಹೋದರೆ ಆ ಆ್ಯಪ್‌ಗೆ ಮತ್ತೆಂದೂ ಹೊಸ ಆವೃತ್ತಿ ಕಳಿಸಲಾಗದು. ಬಳಕೆದಾರರು ಹಳೆಯದನ್ನು ತೆಗೆದುಹಾಕಿ ಹೊಸದನ್ನು ಹಾಕಿಕೊಳ್ಳಬೇಕು. ತೆಗೆದುಹಾಕಿದರೆ ಫೋನಿನೊಳಗಿದ್ದ ಅವರ ಮಾಹಿತಿಯೂ ಹೋಗುತ್ತದೆ. ಕೀಲಿಯ ಕಡತವನ್ನು ಇಂದೇ ಎರಡು ಪೆನ್‌ಡ್ರೈವ್‌ಗೆ ಹಾಕಿ ಎರಡು ಮನೆಗಳಲ್ಲಿಡಿ. ಪಾಸ್‌ವರ್ಡ್ ಕಾಗದದಲ್ಲಿ, ಪೆನ್‌ಡ್ರೈವ್‌ನಿಂದ ಬೇರೆ ಜಾಗದಲ್ಲಿರಲಿ.

ಪ್ಲೇ ಖಾತೆ ಕಂಪನಿಯದ್ದಾಗಿದ್ದರೆ ಹೊಸ ಖಾತೆ ತೆರೆದು (ಒಮ್ಮೆ 25 ಡಾಲರ್) ಆ್ಯಪ್ ವರ್ಗಾವಣೆಗೆ ಅರ್ಜಿ ಹಾಕಿಸಿ. ವರ್ಗಾವಣೆಯಾದರೆ ಬಳಕೆದಾರರು, ಅಭಿಪ್ರಾಯಗಳು, ಡೌನ್‌ಲೋಡ್ ಸಂಖ್ಯೆ ಹಾಗೇ ಬರುತ್ತವೆ. ಹೊಸದಾಗಿ ಹಾಕಿದರೆ ಸೊನ್ನೆಯಿಂದ ಶುರು; 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಹೊಸ ಆ್ಯಪ್‌ಗೆ 12 ಜನ ಪರೀಕ್ಷಕರು 14 ದಿನ ಬಳಸಿದ ಮೇಲಷ್ಟೇ ಬಿಡುಗಡೆಯ ಅನುಮತಿ ಕೇಳಬಹುದು. ರೆಪೊಸಿಟರಿಯನ್ನು ಒಬ್ಬರ ಖಾತೆಯಿಂದ ಸಂಸ್ಥೆಯ ಖಾತೆಗೆ ಸರಿಸಿ, ಕನಿಷ್ಠ ಇಬ್ಬರು ಮಾಲೀಕರನ್ನಿಡಿ. ಎರಡು ಹಂತದ ಲಾಗಿನ್‌ನ ಮರುಪಡೆಯುವ ಸಂಖ್ಯೆಗಳನ್ನು ಮುದ್ರಿಸಿಕೊಳ್ಳಿ.

ಆಮೇಲೆ ಸರ್ವರ್. ದತ್ತಾಂಶದ ಪ್ರತಿ ತೆಗೆದು, ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಬಿಚ್ಚಿ ಓಡಿಸಿ ನೋಡಿ. ಬಿಚ್ಚಿ ನೋಡದ ಬ್ಯಾಕಪ್ಪನ್ನು ನಂಬುವಂತಿಲ್ಲ. ಸರ್ವರ್ ಇಲ್ಲದೆ ನಡೆಯುವ ಭಾಗ ಎಷ್ಟು ಎಂದು ಯೋಚಿಸಿ. ಸಹಾಯ ಪುಟಗಳು ಉಚಿತ ಸ್ಥಿರ ಪುಟದ ಸೇವೆಗೆ ಹೋಗಬಹುದು. ಬಳಕೆದಾರರಿಗೆ ಇರುವುದನ್ನು ಇದ್ದಂತೆ ತಿಳಿಸಿ: ಯಾವುದು ಮುಂದುವರಿಯುತ್ತದೆ, ಯಾವುದು ಯಾವ ದಿನಾಂಕಕ್ಕೆ ನಿಲ್ಲುತ್ತದೆ.

ಪ್ರಾಯೋಜಕರು ಹೋದ ಮೇಲೂ ಬದುಕಿದ ತಂತ್ರಾಂಶಗಳಿವೆ. ಕನ್ನಡದ ಮುದ್ರಿತ ಪುಟವನ್ನು ಅಕ್ಷರವಾಗಿಸಲು ನಮ್ಮಲ್ಲೂ ಬಳಸುವ ಟೆಸರಾಕ್ಟ್ ಹುಟ್ಟಿದ್ದು ಎಚ್‌ಪಿ ಕಂಪನಿಯಲ್ಲಿ. 2005ರಲ್ಲಿ ಮುಕ್ತವಾಯಿತು, 2006ರಿಂದ 2018ರವರೆಗೆ ಗೂಗಲ್ ಬೆಳೆಸಿತು. ಗೂಗಲ್ ಸರಿದ ಮೇಲೂ ಸ್ವಯಂಸೇವಕರು 2021ರಲ್ಲಿ ಐದನೇ ಆವೃತ್ತಿ ತಂದರು. ಕೋಡ್, ಅಕ್ಷರ ಕಲಿಸಿದ ಮಾದರಿಗಳು, ಹೆಸರು ಎಲ್ಲವೂ ಬಳಸುವವರ ಕೈಗೆ ಸಿಕ್ಕಿದ್ದರಿಂದ ಇದು ಸಾಧ್ಯವಾಯಿತು. ಓಪನ್‌ಆಫೀಸ್‌ನಲ್ಲಿ ಹೆಸರು ಕೈಗೆ ಸಿಗಲಿಲ್ಲ: 2010ರ ಸೆಪ್ಟೆಂಬರ್‌ನಲ್ಲಿ ಸ್ವಯಂಸೇವಕರು ಹೊರಬಂದಾಗ ಹೆಸರು ಒರಾಕಲ್ ಬಳಿಯೇ ಉಳಿಯಿತು. ಲಿಬ್ರೆಆಫೀಸ್ ಎಂಬ ಹೊಸ ಹೆಸರನ್ನು ಜನರ ಬಾಯಿಗೆ ತರಬೇಕಾಯಿತು. ನಿಮ್ಮ ತಂತ್ರಾಂಶದ ಹೆಸರು ಊರಲ್ಲಿ ಚಲಾವಣೆಯಲ್ಲಿದ್ದರೆ ಟ್ರೇಡ್‌ಮಾರ್ಕ್ ನೋಂದಣಿಗೆ ಯೋಚಿಸಿ. ವ್ಯಕ್ತಿಯೊಬ್ಬರು ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ, ತಂತ್ರಾಂಶಕ್ಕೆ 9ನೇ ವರ್ಗ, ಮಾನ್ಯತೆ 10 ವರ್ಷ.

ಇನ್ನು ಹೊಸ ಹಣ. ಒಬ್ಬರೇ ಪೂರ್ತಿ ಕೊಡುವುದಕ್ಕಿಂತ ತಂತ್ರಾಂಶ ಬಳಸಿ ಲಾಭ ಪಡೆಯುತ್ತಿರುವ ಹತ್ತು ಕಡೆಯಿಂದ ವರ್ಷಕ್ಕೆ 10,000ದಂತೆ ಪಡೆಯುವುದು ಹೆಚ್ಚು ಗಟ್ಟಿ. ಸಣ್ಣ ಬಿಲ್ಲನ್ನು ಅಂಗಡಿಯ ಮಾಲೀಕರೇ ಮಂಜೂರು ಮಾಡುತ್ತಾರೆ, ಬೆಂಗಳೂರಿನ ಅಧಿಕಾರಿ ಬದಲಾದರೂ ನಿಲ್ಲುವುದಿಲ್ಲ. ‘ದೇಣಿಗೆ’ ಎನ್ನದೆ ‘ವಾರ್ಷಿಕ ನಿರ್ವಹಣೆ’ ಎಂದು ಬಿಲ್ ಕೊಡಿ. ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ ಎಎಂಸಿ ಕಟ್ಟಿ ರೂಢಿಯಿರುವವರಿಗೆ ಆ ಪದ ಗೊತ್ತು.

ಪ್ರಶ್ನೆ: ಅರ್ಜಿ ಹಾಕಿ ಪಡೆಯಬಹುದಾದ ನಿಧಿ ನಮ್ಮ ದೇಶದಲ್ಲಿ ಇದೆಯೇ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸಂಡೂರು)

ಉತ್ತರ: ಇದೆ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಆರಂಭಿಸಿದೆ. ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್, ಒಂದು ಯೋಜನೆಗೆ 10,000ದಿಂದ 1,00,000 ಡಾಲರ್. ‘ಫಂಡಿಂಗ್ ಡಾಟ್ ಜೇಸನ್’ ಎಂಬ ಕಡತವನ್ನು ನಿಮ್ಮ ರೆಪೊಸಿಟರಿಯಲ್ಲಿ ಅಥವಾ ಜಾಲತಾಣದಲ್ಲಿಟ್ಟು ಅದರ ವಿಳಾಸ ಸಲ್ಲಿಸಬೇಕು. ಯೋಜನೆ ಏನು, ಎಷ್ಟು ಹಣ ಯಾವುದಕ್ಕೆ, ಹಿಂದಿನ ವರ್ಷಗಳ ಆದಾಯ–ಖರ್ಚು ಎಷ್ಟು ಎಂಬುದನ್ನು ಅದರಲ್ಲಿ ತುಂಬಬೇಕು. ಈಗಾಗಲೇ ಬಳಕೆಯಲ್ಲಿರುವ ತಂತ್ರಾಂಶಗಳಿಗೆ ಇದು. ಇನ್ನೂ ಆರಂಭಿಸದ ಆಲೋಚನೆಗೆ ಸಿಗುವುದು ಕಷ್ಟ. ನಿಮ್ಮಂಥವರಿಗೆ 2005ರಿಂದ ನಡೆಯುತ್ತಿರುವ ಗೂಗಲ್ ಸಮ್ಮರ್ ಆಫ್ ಕೋಡ್ ಸೂಕ್ತ. ಹಣ ಸಿಗುವುದು ಕೆಲಸ ಮಾಡಿದ ವ್ಯಕ್ತಿಗೆ, ಬೇರೆಯವರ ಯೋಜನೆಯಲ್ಲಿ ಹಿರಿಯರ ಕೈಕೆಳಗೆ ಕಲಿಯುವ ಅವಕಾಶವೂ ಜೊತೆಗಿರುತ್ತದೆ.

ಪ್ರಶ್ನೆ: ನಾನೊಬ್ಬನೇ ನಡೆಸುವ ಲೈಬ್ರರಿಗೆ (ಬೇರೆ ತಂತ್ರಾಂಶಗಳು ಸೇರಿಸಿಕೊಂಡು ಬಳಸುವ ಸಿದ್ಧ ಕೋಡ್) ಹಣವೂ ಇಲ್ಲ, ಸಮಯವೂ ಇಲ್ಲ. ಪರಿಚಯವಿಲ್ಲದ ಒಬ್ಬರು ಆರು ತಿಂಗಳಿಂದ ಚೆನ್ನಾಗಿ ಕೋಡ್ ಕಳಿಸುತ್ತಿದ್ದಾರೆ, ಪೂರ್ತಿ ವಹಿಸಿಕೊಡಿ ಎನ್ನುತ್ತಿದ್ದಾರೆ. ಕೊಟ್ಟುಬಿಡಲೇ?
(ಓದುಗರು, ಲಿಂಗಸುಗೂರು)

ಉತ್ತರ: ಸಹಾಯ ಪಡೆಯಿರಿ, ಬಿಡುಗಡೆಯ ಅಧಿಕಾರವನ್ನು ಒಮ್ಮೆಗೇ ಕೊಡಬೇಡಿ. ನಿಮ್ಮ ಸ್ಥಿತಿಯಲ್ಲೇ ಇದ್ದ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಏನಾಯಿತೆಂದು ನೋಡಿ. ಒಬ್ಬರೇ ಸಂಬಳವಿಲ್ಲದೆ ನಡೆಸುತ್ತಿದ್ದರು. ‘ತಡವಾಗುತ್ತಿದೆ, ಬೇರೆಯವರಿಗೆ ಕೊಡಿ’ ಎಂದು ಅಪರಿಚಿತರಿಂದ ಒತ್ತಡ ಬರುತ್ತಿತ್ತು. 2021ರಿಂದ ಸಹಾಯ ಮಾಡುತ್ತ ಬಂದ, ಜಿಯಾ ಟಾನ್ ಎಂಬ ಹೆಸರಿನ ಖಾತೆಗೆ ಕ್ರಮೇಣ ಬಿಡುಗಡೆಯ ಅಧಿಕಾರ ಸಿಕ್ಕಿತು. 2024ರ ಫೆಬ್ರುವರಿ–ಮಾರ್ಚ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಕಳ್ಳತನದಲ್ಲಿ ಒಳನುಗ್ಗುವ ದಾರಿ, ಸೇರಿತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಯಂತ್ರಕ್ಕೆ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಕೆದಕಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಎರಡು ವರ್ಷ ನಿಜವಾದ ಕೆಲಸ ಮಾಡಿ ನಂಬಿಕೆ ಗಳಿಸಿದ ಖಾತೆ ಅದು. ನಿಮ್ಮಲ್ಲಿ ಆರೇ ತಿಂಗಳಾಗಿದೆ.

ಹಣದ ಕೊರತೆ ಭದ್ರತೆಯ ಕೊರತೆಯಾಗುವುದು ಹೀಗೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಿದ್ದಾಗ, ಮಾಹಿತಿಯನ್ನು ಗುಪ್ತವಾಗಿ ಕಳಿಸಲು ಜಗತ್ತಿನ ಅಸಂಖ್ಯ ಜಾಲತಾಣಗಳು ನೆಚ್ಚಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ. ಅದರ ಮೇಲೆ ವ್ಯಾಪಾರ ಕಟ್ಟಿದವರು ಹಣ ಕೊಡಲೇಬೇಕು ಎಂದು ನಾವು ಹೇಳುವುದು ಇದಕ್ಕೇ. ನಿಮ್ಮ ಲೈಬ್ರರಿಯನ್ನು ಯಾವ ಕಂಪನಿಗಳ ತಂತ್ರಾಂಶ ಬಳಸುತ್ತಿದೆ ಎಂದು ಹುಡುಕಿ, ನೇರವಾಗಿ ಬರೆದು ಕೇಳಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಸದ್ಯಕ್ಕೆ ಹೀಗೆ ಮಾಡಿ. ಆ ವ್ಯಕ್ತಿಗೆ ದೋಷಗಳ ಪಟ್ಟಿ ನೋಡಿಕೊಳ್ಳುವ ಅಧಿಕಾರ ಕೊಡಿ. ಮುಖ್ಯ ಶಾಖೆಗೆ ಕೋಡ್ ಸೇರಲು ಇನ್ನೊಬ್ಬರ ಒಪ್ಪಿಗೆ ಕಡ್ಡಾಯ ಎಂದು ರೆಪೊಸಿಟರಿಯ ಸೆಟ್ಟಿಂಗ್‌ನಲ್ಲೇ ಹಾಕಿ. ಬಿಡುಗಡೆಯ ಕಡತವನ್ನು ಯಾರೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಕಟ್ಟಿ ಹಾಕುವುದು ಬೇಡ. ಎಕ್ಸ್‌ಝಡ್‌ನಲ್ಲಿ ಹಿಂಬಾಗಿಲು ತೆರೆಯುವ ಸಾಲು ಬಹಿರಂಗ ಕೋಡಿನಲ್ಲಿ ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಷ್ಟೇ ಇತ್ತು, ಉಳಿದದ್ದು ಪರೀಕ್ಷೆಯ ಕಡತಗಳೊಳಗೆ ಅಡಗಿತ್ತು. ಟ್ಯಾಗ್ (ಆವೃತ್ತಿಯ ಗುರುತು) ಹಾಕಿದ ಕೋಡಿನಿಂದ ಯಂತ್ರವೇ ಕಟ್ಟುವಂತೆ ಮಾಡಿ, ಇಬ್ಬರು ಒಪ್ಪಿದ ಮೇಲೆ ಹೊರಗೆ ಹೋಗಲಿ. ಯಾವುದಕ್ಕೂ ಸಮಯವೇ ಇಲ್ಲವೆಂದಾದರೆ ಮೊದಲ ಪುಟದಲ್ಲಿ ‘ಈಗ ನಿರ್ವಹಣೆಯಲ್ಲಿಲ್ಲ’ ಎಂದು ದಿನಾಂಕ ಸಹಿತ ಬರೆದು ರೆಪೊಸಿಟರಿಯನ್ನು ಆರ್ಕೈವ್ ಮಾಡಿ. ಬೇಕಾದವರು ತಮ್ಮ ಹೆಸರಿನಲ್ಲಿ ಕವಲು ತೆಗೆದು ಮುಂದುವರಿಸುತ್ತಾರೆ. ಬಳಸುವವರು ಯಾರನ್ನು ನಂಬಬೇಕೆಂದು ಕಣ್ಣುಬಿಟ್ಟು ನೋಡಿ ಆರಿಸಿಕೊಳ್ಳುತ್ತಾರೆ.